ತನ್ನ ಉತ್ತರ ತಾನೇ ಬರೆಯುತ್ತೇನೆ ಎಂದವಳು

ಹೊಸದಾಗಿ ಸಂಪನ್ಮೂಲ ಶಿಕ್ಷಕಿಯರಾಗಿ ಸೇರಿದ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಮೇಡಂ, ಕಣ್ಣು ಕಾಣದ ಮಕ್ಕಳಿಗೆ ಯಾವ ಆ್ಯಪ್ ಚಲೋ ಐತ್ರಿ?" ಎಂಬುದು ಮೊದಲ ಪ್ರಶ್ನೆ. ಮಗುವಿನ ಹೆಸರೇನು, ಮನೆಯಲ್ಲಿ ಯಾರಿದ್ದಾರೆ ಎಂದು ನಾನು ತಿರುಗಿ ಕೇಳಿದರೆ ಅರ್ಧಕ್ಕರ್ಧ ಜನ ತಡವರಿಸುತ್ತಾರೆ. ನಿವೃತ್ತಿಯಾದ ಮೇಲಾದರೂ ನನ್ನ ಸಿಟ್ಟು ಇಳಿಯುತ್ತದೆ ಎಂದು ಮನೆಯವರು ಆಸೆ ಇಟ್ಟುಕೊಂಡಿದ್ದರು. ಇಳಿದಿಲ್ಲ. ಫೋನಿನಲ್ಲಿ ಬೈದು ಆ ಹುಡುಗಿಯರನ್ನು ಹೆದರಿಸುವ ಬದಲು ಬರೆದೇ ಹೇಳೋಣ ಎಂದು ಕೂತಿದ್ದೇನೆ.

ನಮ್ಮ ಕೆಲಸ ಏನೆಂದು ನಮ್ಮ ನೆಂಟರಿಷ್ಟರಿಗೇ ಗೊತ್ತಿಲ್ಲ. ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ, ಕಲಿಯಲು ಹೆಚ್ಚು ಹೊತ್ತು ಬೇಕಾದ ಮಕ್ಕಳು ಊರಿನ ಶಾಲೆಯಲ್ಲೇ ಎಲ್ಲರ ಜೊತೆ ಕೂತು ಕಲಿಯುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನಮಗೆ ನಮ್ಮದೇ ಆದ ತರಗತಿ ಇರುವುದಿಲ್ಲ, ಕೂರಲು ಕುರ್ಚಿಯೂ ಇರುವುದಿಲ್ಲ. ಇಂದು ಈ ಶಾಲೆ, ನಾಳೆ ಆ ಮನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಒಂದಿಲ್ಲೊಂದು ಕಾಲದಲ್ಲಿ ಕೆಲಸ ಮಾಡಿದ್ದೇನೆ. ಯಾವ ಬಸ್ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಯಾವ ಬೆಂಚಿಗೆ ನೆರಳು ಬರುತ್ತದೆ ಎಂದು ಈಗಲೂ ಹೇಳಬಲ್ಲೆ. ಸನ್ಮಾನ ಮಾಡಿ ಶಾಲು ಹೊದಿಸಿದ್ದೂ ಉಂಟು. ಆ ಶಾಲು ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು, ಆದ್ದರಿಂದ ಅದರ ಬಗ್ಗೆ ಬರೆಯುವುದಿಲ್ಲ.

ನಮ್ಮ ಕೈಗೆ ಮೊದಲು ಬಂದ ಮಾತಾಡುವ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅದನ್ನು ಹೆಮ್ಮೆಯಿಂದ ಹೊತ್ತುಕೊಂಡು ಕೂಡ್ಲಿಗಿ ಕಡೆಯ ಒಂದು ಹಳ್ಳಿಗೆ ಹೋಗಿ, ಕಣ್ಣಿಲ್ಲದ ಹುಡುಗನ ಮುಂದೆ ಇಟ್ಟು ಗುಂಡಿ ಒತ್ತಿದೆ. ಅದು ಮೂಗಿನಲ್ಲಿ ಏನೋ ಗದರಿತು. ಒಳಗಿನಿಂದ ಅವನ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದಳು. "ಏನವ್ವಾ, ನಮ್ಮ ಹುಡುಗನ್ನ ಬೈಯಾಕ ಡಬ್ಬಿ ಬ್ಯಾರೆ ತಂದೀರೇನು? ಬೈಯೂದು ನನಗ ಬರತೈತಿ ಬಿಡು" ಎಂದಳು. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಆಮೇಲೆ ಟ್ಯಾಬ್‌ಗಳು ಬಂದವು. ಬಂದ ಸುದ್ದಿ ಪೇಪರಿನಲ್ಲಿ ಫೋಟೊ ಸಮೇತ ಬಂತು, ಟ್ಯಾಬ್‌ಗಳು ಮಾತ್ರ ಬೀರು ಸೇರಿದವು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಮುಖ್ಯಗುರುಗಳೊಬ್ಬರು ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು, "ಒಡೆದ್ರೆ ಯಾರ್ ಜವಾಬ್ದಾರಿ ಮೇಡಂ? ಬೀರಿನಾಗಿದ್ರೆ ಸುಖವಾಗಿ ಐತೆ" ಎಂದರು. ಅವರಿಗಾದರೂ ಭಯವಿತ್ತು. ಬಾಗಳಿಯ ಆಚೆ ಇನ್ನೊಂದು ಶಾಲೆಯಲ್ಲಿ ಭಕ್ತಿ. ಆಯುಧಪೂಜೆಗೆ ಟ್ಯಾಬ್‌ಗಳನ್ನೆಲ್ಲ ಸಾಲಾಗಿ ಇಟ್ಟು, ವಿಭೂತಿ ಕಲಸಿ ಮೂರು ಪಟ್ಟೆ ಎಳೆದಿದ್ದರು. ಪಟ್ಟೆ ಸರಿಯಾಗಿ ಸ್ಪೀಕರಿನ ತೂತುಗಳ ಮೇಲೆ ಬಿದ್ದಿತ್ತು. ಉಳಿದ ಮಕ್ಕಳಿಗೆ ಚಿತ್ರ ನೋಡಲು ತೊಂದರೆಯಾಗಲಿಲ್ಲ. ದನಿಯನ್ನೇ ನಂಬಿದ್ದ ನನ್ನ ಹುಡುಗನ ಟ್ಯಾಬ್ ಮಾತ್ರ ಮೂಕವಾಯಿತು. ಸೂಜಿ ಹಿಡಿದು ವಿಭೂತಿ ಕೆದರುತ್ತ ಕೂತಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊರೋನಾ ಕಾಲದಲ್ಲಿ ನಮ್ಮನ್ನು ಒಂದು ಆನ್‌ಲೈನ್ ತರಬೇತಿಗೆ ಹಾಕಿದರು. ಹಲವು ದೇಶಗಳ ವಿಶೇಷ ಶಿಕ್ಷಕರು ಒಟ್ಟಿಗೆ ಸೇರುವುದು, ತಮ್ಮ ತಮ್ಮ ಕಡೆ ಏನು ನಡೆದಿದೆ ಎಂದು ಹೇಳುವುದು. ನಮ್ಮ ಇಂಗ್ಲಿಷು ಅವರ ಇಂಗ್ಲಿಷಿಗೆ ಡಿಕ್ಕಿ ಹೊಡೆಯುತ್ತಿದ್ದರೂ ಕಷ್ಟ ಮಾತ್ರ ಸಲೀಸಾಗಿ ಅರ್ಥವಾಗುತ್ತಿತ್ತು. ಕೀನ್ಯಾದ ಒಬ್ಬ ಮೇಷ್ಟ್ರು ತಮ್ಮ ಯಂತ್ರ ಎರಡು ಭಾಷೆ ಆಡುತ್ತದೆ, ಮಗುವಿನ ಮನೆಮಾತು ಮೂರನೆಯದು ಎಂದರು. ಯುರೋಪಿನ ಒಬ್ಬಾಕೆ, ತಮ್ಮಲ್ಲಿ ಪ್ರತಿ ಪಠ್ಯಪುಸ್ತಕದ ಜೊತೆ ಓದಿ ಹೇಳುವ ಫೈಲೂ ಬರುತ್ತದೆ ಎಂದಾಗ ನನಗೆ ಹೊಟ್ಟೆಕಿಚ್ಚಾಯಿತು. ಮುಂದಿನ ಮಾತಿಗೆ ಅವರ ದನಿ ಇಳಿಯಿತು. ಗೆಳೆಯರು ನೋಡಿಯಾರೆಂದು ಮಕ್ಕಳು ಆ ಯಂತ್ರವನ್ನು ಚೀಲದಲ್ಲೇ ಬಚ್ಚಿಡುತ್ತಾರಂತೆ.

ನೇಪಾಳದ ಸರಿತಾ ಎಂಬಾಕೆ ಅರ್ಧ ಹಿಂದಿಯಲ್ಲಿ ಹೇಳಿದ್ದು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಅವರ ಕಡೆ ಅಚ್ಚಿನ ಮನೆಗಳು ಹಳೆಯ ಕಾಲದ ಫಾಂಟು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲವಂತೆ. ಆ ಫಾಂಟಿನಲ್ಲಿ ತೆರೆಯ ಮೇಲೆ ಕಾಣುವುದು ನೇಪಾಳಿ, ಒಳಗೆ ಇರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ರಾಶಿ. ಬಯಲಾಟದಲ್ಲಿ ನಮ್ಮೂರ ಹುಡುಗ ರಾಜನ ವೇಷ ಹಾಕಿದ ಹಾಗೆ. ಕಣ್ಣಿದ್ದವರಿಗೆ ರಾಜನೇ ಕಾಣುತ್ತಾನೆ. ತೆರೆಯ ಮೇಲಿನದನ್ನು ಓದಿ ಹೇಳುವ ಯಂತ್ರಕ್ಕೆ ವೇಷ ಕಾಣುವುದಿಲ್ಲ, ಅದು ಒಳಗಿರುವುದನ್ನೇ ಹೇಳಿಬಿಡುತ್ತದೆ. ನಮ್ಮ ಕನ್ನಡದ್ದೂ ಅದೇ ಕತೆ ಎಂದು ನಮ್ಮ ಕಚೇರಿಯ ಆಪರೇಟರ್ ಮಂಜಣ್ಣ ಹೇಳಿದ.

ಇಲ್ಲಿಯವರೆಗಿನದೆಲ್ಲ ಸಣ್ಣ ಪುಟ್ಟ ಪಾಡು. ಇನ್ನು ಹಂಪಮ್ಮನ ವಿಷಯಕ್ಕೆ ಬರುತ್ತೇನೆ. ಐದು ತಾಲ್ಲೂಕುಗಳಲ್ಲಿ ಇದು ಯಾವುದು ಎಂದು ಕೇಳಬೇಡಿ. ಆಗಿನ ನಮ್ಮ ಸಾಹೇಬರು, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಇನ್ನೂ ಸೇವೆಯಲ್ಲಿದ್ದಾರೆ.

ಹಂಪಮ್ಮ ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ. ತಾಯಿ ಈರಮ್ಮ ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ ಮಾರುವಾಕೆ. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್ ಕೊಡುತ್ತಾರೆ. ಇವರು ಬಾಯಲ್ಲಿ ಹೇಳುವುದು, ಕೆಳಗಿನ ತರಗತಿಯ ಮಗುವೊಂದು ಪಕ್ಕದಲ್ಲಿ ಕೂತು ಬರೆಯುವುದು. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಎಂಟನೆಯ ಸಂಗೀತಾ ಹಂಪಮ್ಮನಿಗೆ ಬರೆದಳು. ಅಂಕ ಬಂದಾಗ ಹಂಪಮ್ಮ ತರಗತಿಗೇ ಮೊದಲು. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ಆ ವಾರ ನಾನು ಹೋದಾಗ ಅವಳು ತನ್ನ ಉತ್ತರಪತ್ರಿಕೆ ತಂದು, "ಓದಿ ಹೇಳ್ರಿ ಮೇಡಂ" ಎಂದಳು. ಓದುತ್ತ ಹೋದೆ. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯಿತು.

"ಇದು ನಾ ಹೇಳಿದ್ದಲ್ರಿ. ನಾ ಎರಡು ಕಾರಣ ಹೇಳಿದ್ನಿ. ಇಲ್ಲಿ ಐದು ಅದಾವು."

ಸಂಗೀತಾಳನ್ನು ಕರೆದು ಕೇಳಿದರೆ ಆ ಕೂಸು ಅಳುವುದಕ್ಕೇ ಶುರು ಮಾಡಿತು. ಕೊಠಡಿಯಲ್ಲಿದ್ದ ಶಿಕ್ಷಕರು, "ಪಾಪ, ಕಣ್ಣಿಲ್ಲದ ಹುಡುಗಿ, ಸರಿ ಮಾಡಿ ಬರಿಯವ್ವಾ" ಎಂದು ಉತ್ತರ ಹೇಳಿಕೊಟ್ಟಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅದೇ ನನ್ನ ಮೈ ಉರಿಸಿತು. ಕೆಟ್ಟ ಮನಸ್ಸಿನವರ ಜೊತೆ ಜಗಳವಾಡಬಹುದು, ಪಾಪ ಎನ್ನುವವರ ಜೊತೆ ಹೇಗೆ ಆಡುವುದು?

ಹಂಪಮ್ಮ ಅಳಲಿಲ್ಲ. "ಆ ಚಪ್ಪಾಳಿ ನಂದಲ್ರಿ ಮೇಡಂ. ಹತ್ತನೇತ್ತ ಪರೀಕ್ಷಾದಾಗ ಸ್ಕ್ರೈಬ್ ಬ್ಯಾಡ ನನಗ. ನನ್ನ ಉತ್ತರ ನಾನಽ ಬರೀತೀನಿ" ಎಂದಳು.

ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಗಳನ್ನು ಯಂತ್ರ ಓದುತ್ತದೆ, ಇವಳು ಕೀಲಿಮಣೆಯಲ್ಲಿ ಉತ್ತರ ಟೈಪು ಮಾಡುತ್ತಾಳೆ. ಹೇಳಲು ಸುಲಭ. ಎರಡು ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಗೀಟು ಇರುತ್ತದಲ್ಲ, ಅಷ್ಟನ್ನೇ ಹಿಡಿದುಕೊಂಡು ಆ ಹುಡುಗಿ ಇಡೀ ಕೀಲಿಮಣೆ ಕಲಿತಳು. ಯಂತ್ರದ ದನಿಯನ್ನು ಅವಳು ಎಷ್ಟು ಜೋರಾಗಿ ಓಡಿಸುತ್ತಿದ್ದಳೆಂದರೆ ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ನಿಧಾನ ಮಾಡು ಎಂದರೆ, "ನೀವು ಕಣ್ಣಿಲೆ ಅಕ್ಷರ ಕೂಡಿಸಿಕೊಂತ ಓದ್ತೀರೇನ್ರಿ?" ಎಂದು ನನಗೇ ತಿರುಗಿಸಿದಳು.

ಈರಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಬಾಣಲೆಯಲ್ಲಿ ಮೆಣಸಿನಕಾಯಿ ತಿರುವುತ್ತ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಸಂಗೀತಾ ಬರದ್ರ ಪಾಸ್ ಆಕ್ಕಾಳ. ನೀವ್ಯಾಕ ಆಕಿ ತಲಿ ಕೆಡಸ್ತೀರಿ? ಡಬ್ಬಿ ಕೈಕೊಟ್ರ ನೀವು ಬಸ್ ಹತ್ತಿ ಹೊಕ್ಕೀರಿ. ನನ್ನ ಮಗಳು ಮನ್ಯಾಗ ಕೂಡ್ತಾಳ." ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಾಹೇಬರ ಬಳಿ ಹೋದೆ. ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಏನು ಕೇಳುತ್ತಾರೋ ಎಂದು ನಿದ್ದೆಯಲ್ಲೂ ಬೆಚ್ಚುವ ಪೈಕಿ. ನಾಲ್ಕು ಸಲ ಅಲೆದಾಡಿಸಿ ಕೊನೆಗೆ ಒಂದು ಷರತ್ತು ಹಾಕಿದರು. "ಪೂರ್ವಸಿದ್ಧತಾ ಪರೀಕ್ಷೆ ಬರತೈತಲ್ಲ, ಅದರಾಗ ಬರದು ತೋರಿಸ್ಲಿ. ಬರದ್ರ ಮಂಡಳಿಗಿ ಶಿಫಾರಸು ಮಾಡ್ತೀನಿ. ಕೆಟ್ರ ಸ್ಕ್ರೈಬ್. ಆಮೇಲೆ ಇನ್ನೊಂದು ಹುಡುಗನ ಅರ್ಜಿ ತಗೊಂಡು ನನ್ನ ಮುಂದ ಬರಬಾರ್ದು ನೀವು."

ಎಂಟನೆಯ ತರಗತಿಯಲ್ಲಿ ಕಣ್ಣು ಕಾಣದ ಇನ್ನಿಬ್ಬರು ಮಕ್ಕಳಿದ್ದರು. ಒಬ್ಬಳು ಎಡವಿದರೆ ಮೂವರ ಬಾಗಿಲೂ ಮುಚ್ಚುತ್ತಿತ್ತು. ನಾನು ಒಪ್ಪಿಕೊಂಡೆ. ಮಂಜಣ್ಣನಿಗೆ ಮೊದಲೇ ಹೇಳಿ ಯಂತ್ರಕ್ಕೆ ಓದಲು ಬರುವ ಹೊಸ ಫಾಂಟಿನಲ್ಲೇ ಪ್ರಶ್ನೆಪತ್ರಿಕೆ ಟೈಪು ಮಾಡಲು ಒಪ್ಪಿಸಿದೆ. ಅವನು ಕೊಟ್ಟ ಮಾದರಿ ಪತ್ರಿಕೆಯನ್ನು ಯಂತ್ರ ಗಿಳಿಯ ಹಾಗೆ ಓದಿತು. ಅಸಲು ಪತ್ರಿಕೆಯನ್ನು ಮಾತ್ರ ಮೊದಲೇ ಓದಿಸಿ ನೋಡುವಂತಿಲ್ಲ. ಅದು ಅರಗು ಹಾಕಿದ ಲಕೋಟೆಯಲ್ಲಿ ಬರುತ್ತದೆ, ಗಂಟೆ ಹೊಡೆದ ಮೇಲೆಯೇ ಒಡೆಯಬೇಕು.

ಸಮಾಜ ವಿಜ್ಞಾನದ ದಿನ. ಹಂಪಮ್ಮನನ್ನು ಬೇರೆ ಕೊಠಡಿಯಲ್ಲಿ ಕೂರಿಸಿದರು. ಹೊಸ ಪ್ರಯೋಗವೆಂದು ಸಾಹೇಬರೇ ಬಂದಿದ್ದರು. ಬೇಕಾದರೆ ಇರಲಿ ಎಂದು ಸಂಗೀತಾಳನ್ನೂ ಪೆನ್ನು ಸಮೇತ ಕರೆಸಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿದ್ದರು. ಸೋಲಿಗೆ ಮೊದಲೇ ಕುರ್ಚಿ ಹಾಕಿದಂತಿತ್ತು. ಯಂತ್ರ ಕೆಟ್ಟರೆ ನೋಡಲೆಂದು ನನಗೆ ಬಾಗಿಲಲ್ಲಿ ನಿಲ್ಲಲು ಅಪ್ಪಣೆ. ಗೇಟಿನ ಆಚೆ ಈರಮ್ಮ ನಿಂತಿದ್ದಳು, ಆ ದಿನ ಅಂಗಡಿಯನ್ನೇ ತೆಗೆದಿರಲಿಲ್ಲ.

ಗಂಟೆ ಹೊಡೆಯಿತು. ಲಕೋಟೆ ಒಡೆದು, ಅದರೊಳಗಿನ ಪೆನ್ ಡ್ರೈವನ್ನು ಹಾಕಿ, ಕಡತ ತೆರೆದು ಮೇಲ್ವಿಚಾರಕರು ಹಿಂದೆ ಸರಿದರು. ಹಂಪಮ್ಮ ಹೆಡ್‌ಫೋನ್ ಹಾಕಿಕೊಂಡು ಕೀಲಿ ಒತ್ತಿದಳು. ಮತ್ತೆ ಒತ್ತಿದಳು. ದನಿಯ ವೇಗ ಇಳಿಸಿದಳು. ಆಮೇಲೆ ಕೈ ಎತ್ತಿದಳು.

"ಸರ, ಇದು ಕನ್ನಡ ಅಲ್ರಿ. ಏನೇನೋ ಒದರಾಕತ್ತೈತಿ."

ಮೇಲ್ವಿಚಾರಕರು ಬಗ್ಗಿ ನೋಡಿದರು. "ಎಲ್ಲಾ ಸರಿ ಐತಲ್ಲಮ್ಮ, ಮುತ್ತಿನಂಥಾ ಅಕ್ಷರ!" ಸಾಹೇಬರೂ ಬಂದು ನೋಡಿದರು. ಮೊದಲ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಯೂ ಓದಿದರು. ಒಂದು ತಪ್ಪಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಪಕ್ಕದ ಕೊಠಡಿಗಳಲ್ಲಿ ಮಕ್ಕಳು ಆಗಲೇ ಬರೆಯುತ್ತಿದ್ದರು.

ಸಾಹೇಬರು ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಮೇಡಂ, ಮಷಿನ್ ಸರಿ ಐತಿ. ಹುಡುಗಿ ಓದಿಕೊಂಡು ಬಂದಿಲ್ಲ, ನೆವ ಹೇಳಾಕತ್ಯಾಳ. ಹೊತ್ತು ಯಾಕ ಹಾಳು ಮಾಡೂದು? ಸಂಗೀತಾನ್ನ ಒಳಗ ಕಳಸ್ತೀನಿ."

ಕೇಳಿಸಬಾರದೆಂದು ತಗ್ಗಿದ ದನಿಯಲ್ಲಿ ಆಡಿದ್ದು ಹಂಪಮ್ಮನಿಗೆ ಕೇಳಿಸಿತು. ಅವಳಿಗೆ ಯಾವುದು ತಾನೇ ಕೇಳಿಸುವುದಿಲ್ಲ? ಕೀಲಿಮಣೆಯ ಮೇಲಿಂದ ಅವಳ ಕೈಗಳು ಜಾರಿ ತೊಡೆಯ ಮೇಲೆ ಬಿದ್ದವು. ಅದನ್ನು ನೋಡಿದ್ದೇ ತಡ ನನ್ನ ತಲೆ ಸರ್ರನೆ ಓಡಿತು. ಮುತ್ತಿನಂಥ ಅಕ್ಷರ, ಅಚ್ಚಿನ ಮನೆಯ ಅಕ್ಷರ. ಸರಿತಾ ಹೇಳಿದ ವೇಷ.

"ಸರ್, ಅದು ಪ್ರೆಸ್ಸಿನ ಫಾಂಟು. ನಿಮಗ ಕಾಣೂದು ಕನ್ನಡ, ಆಕಿಗೆ ಕೇಳೂದು ಕನ್ನಡ ಅಲ್ಲ" ಎಂದೆ.

"ಹಂಗ ಹೆಂಗ ಆಕ್ಕೈತ್ರಿ? ನಾ ಈಗ ಓದಿದ್ನಲ್ಲ!"

"ನೀವು ಓದಿದ್ರಿ. ಈಗ ಕಣ್ಣು ಮುಚ್ಚಿ ಕೇಳ್ರಿ."

ಹೀಗೆ ಸಾಹೇಬರಿಗೆ ಆಜ್ಞೆ ಕೊಡುವ ದನಿಯಲ್ಲಿ ನಾನು ಮೊದಲು ಮಾತಾಡಿರಲಿಲ್ಲ. ಸಿಟ್ಟಿನಲ್ಲಿ ಬಂದುಬಿಟ್ಟಿತು. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಹಂಪಮ್ಮ ಹೆಡ್‌ಫೋನ್ ತೆಗೆದು, ದನಿ ಬಂದ ದಿಕ್ಕಿಗೆ ಚಾಚಿ ಹಿಡಿದಳು.

ಸಾಹೇಬರು ಕುರ್ಚಿ ಎಳೆದು ಕೂತು ಹೆಡ್‌ಫೋನ್ ಹಾಕಿಕೊಂಡರು. ಹಂಪಮ್ಮ ಕೀಲಿ ಒತ್ತಿದಳು. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ನಿಜವಾಗಿಯೂ ಕಣ್ಣು ಮುಚ್ಚಿದರು. ಎರಡನೆಯ ಪ್ರಶ್ನೆ, ಮೂರನೆಯ ಪ್ರಶ್ನೆ ಕೇಳಿದರು. ಹೆಡ್‌ಫೋನ್ ತೆಗೆದಾಗ ಅವರ ದನಿ ಬದಲಾಗಿತ್ತು.

"ಏನೂ ತಿಳಿವಲ್ದಲ್ರಿ ಇದು."

"ಆಕಿನೂ ಅದನ್ನಽ ಹೇಳಿದ್ಳು" ಎಂದೆ. ಇನ್ನೂ ನಾಲ್ಕು ಮಾತು ನಾಲಿಗೆಯ ತುದಿಯಲ್ಲಿದ್ದವು, ನುಂಗಿಕೊಂಡೆ.

ಮಂಜಣ್ಣನಿಗೆ ಫೋನ್ ಹೋಯಿತು. ಅವನು ಬೈಕಿನಲ್ಲಿ ಹಾರಿಕೊಂಡು ಬಂದ, ಅಂಗಿಯ ಗುಂಡಿ ಒಂದಕ್ಕೊಂದು ತಾಳವಿಲ್ಲ. "ನಾ ಹೊಸಾದ್ರಾಗಽ ಟೈಪ್ ಮಾಡಿ ಕೊಟ್ಟಿದ್ನಿ ಸರ್. ಪ್ರೆಸ್‌ನವ್ರು ಅದನ್ನ ತಗೊಳ್ಳಂಗಿಲ್ಲ, ತಮ್ಮ ಫಾಂಟಿಗಿ ಮಾಡ್ಕೊಂಡಾರ. ಪೆನ್ ಡ್ರೈವಿಗಿ ಹಾಕಿದ್ದೂ ಅವರದಽ ಫೈಲು." ಯಾರನ್ನು ಬೈಯುವುದು? ಪತ್ರಿಕೆ ಗುಟ್ಟಾಗಿರಬೇಕೆಂದು ನಮ್ಮಲ್ಲಿ ಯಾರೂ ಅದನ್ನು ತೆರೆದಿರಲಿಲ್ಲ. ತೆರೆದಿದ್ದರೂ ನೋಡುತ್ತಿದ್ದೆವು, ಚೆಂದ ಕಾಣುತ್ತದೆ ಎಂದು ಮುಚ್ಚುತ್ತಿದ್ದೆವು.

ಫಾಂಟು ಬದಲಿಸುವ ತಂತ್ರಾಂಶ ಅವನ ಬಳಿ ಇತ್ತು. ಸಾಹೇಬರು ಪಕ್ಕದಲ್ಲೇ ನಿಂತು ಕಾವಲು ಕಾದರು. ಮೊದಲ ಸಲ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮಂಜಣ್ಣನ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಮತ್ತೆ ಮಾಡಿದ. ಹಂಪಮ್ಮ ಕೇಳಿ, "ಬಂತ್ರಿ, ಬಂತ್ರಿ, ಕನ್ನಡ ಬಂತು" ಎಂದು ಕುರ್ಚಿಯಿಂದ ಅರ್ಧ ಎದ್ದಳು. ಅಷ್ಟು ಹೊತ್ತಿಗೆ ಪರೀಕ್ಷೆಯ ಸಮಯ ಅರ್ಧ ಕಳೆದಿತ್ತು.

ಇನ್ನು ಉಳಿದದ್ದು ಹೊತ್ತಿನ ಪ್ರಶ್ನೆ. ಎಲ್ಲರ ಜೊತೆಗೇ ಮುಗಿಸು ಎಂದರೆ ಮುಗಿಯಿತು, ಸೋತಂತೆಯೇ. ಸಾಹೇಬರು ಕಾರಿಡಾರಿನಲ್ಲಿ ಅತ್ತಿತ್ತ ನಡೆದರು. "ಮೇಲಿನವ್ರು ಕೇಳಿದ್ರ ಏನ್ ಹೇಳ್ಲಿ?"

"ನನ್ನ ಹೆಸರು ಹೇಳ್ರಿ."

"ನಿಮ್ಮ ಹೆಸರು ಹೇಳಿದ್ರ ಇನ್ನಷ್ಟು ಬೈತಾರ" ಎಂದು ಒಳಗೆ ಹೋದರು. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲಿದ್ದ ಆರಂಭದ ಸಮಯವನ್ನು ಒರೆಸಿ, ಆಗಿನ ಸಮಯವನ್ನು ತಾವೇ ಬರೆದು ಸಹಿ ಹಾಕಿದರು. "ಈಗಿನಿಂದ ಶುರು ನಿಂದು. ಪೂರ್ತಿ ಹೊತ್ತು ಬರಿ" ಎಂದರು. ಹೊರಗೆ ಬಂದು ಸಂಗೀತಾಳಿಗೆ ಮನೆಗೆ ಹೋಗಲು ಹೇಳಿದರು. ಆ ಮಗು ಬದುಕಿದೆಯಾ ಬಡಜೀವವೇ ಎಂದು ಓಡಿತು.

ಉಳಿದ ಮಕ್ಕಳು ಬರೆದು ಹೋದರು. ಊಟದ ತಟ್ಟೆಗಳ ಸದ್ದು ಎದ್ದು ಅಡಗಿತು. ಕೀಲಿಮಣೆಯ ಟಕಟಕ ಒಂದೇ ಸಮನೆ ಕೇಳುತ್ತಿತ್ತು. ನಡುವೆ ಅದು ನಿಂತಾಗಲೆಲ್ಲ ನಾನು ಬಾಗಿಲಿಗೆ ಕಿವಿ ಕೊಡುತ್ತಿದ್ದೆ. ಯಂತ್ರ ಕೆಟ್ಟಿತೋ, ಚಾರ್ಜು ಮುಗಿಯಿತೋ, ಬರೆದದ್ದೆಲ್ಲ ಅಳಿಸಿತೋ? ಕೇಳುವಂತಿಲ್ಲ, ಒಳಗೆ ಹೋಗುವಂತಿಲ್ಲ. ಒಮ್ಮೆ ತುಂಬಾ ಹೊತ್ತು ನಿಂತುಹೋಯಿತು. ಈರಮ್ಮ ಗೇಟು ದಾಟಿ ಬಂದು ನನ್ನ ತೋಳು ಹಿಡಿದಿದ್ದಳು. "ಯಾಕ್ರಿ ಸುಮ್ಮನಾತು? ಏನಾತ್ರಿ?" ನನಗೂ ಗೊತ್ತಿರಲಿಲ್ಲ. ಸಾಹೇಬರು ಊಟಕ್ಕೂ ಹೋಗದೆ ಕಟ್ಟೆಯ ಮೇಲೆ ಕೂತಿದ್ದರು. ಮೂವರೂ ಆ ಬಾಗಿಲನ್ನೇ ನೋಡುತ್ತಿದ್ದೆವು. ಟಕಟಕ ಮತ್ತೆ ಶುರುವಾಯಿತು.

ಸಾಹೇಬರು ಶಿಫಾರಸು ಕಳಿಸಿದರು. ಅನುಮತಿ ಬಂತು, ಹಂಪಮ್ಮ ಮುಖ್ಯ ಪರೀಕ್ಷೆಯನ್ನೂ ಕಂಪ್ಯೂಟರಿನಲ್ಲೇ ಬರೆದಳು. ತರಗತಿಗೆ ಮೊದಲಾಗಲಿಲ್ಲ, ನಡುವಿನ ಅಂಕ. ಎಂಟನೆಯ ಇಬ್ಬರು ಮಕ್ಕಳೂ ಮುಂದೆ ಅದೇ ದಾರಿ ಹಿಡಿದರು. ಇವೆಲ್ಲ ಆಮೇಲಿನ ಮಾತು. ಫೋನ್ ಮಾಡುವ ಹುಡುಗಿಯರಿಗೆ ನಾನು ಹೇಳಬೇಕಾದದ್ದು ಆ ಮಧ್ಯಾಹ್ನ ಅವಳು ಹೊರಗೆ ಬಂದ ಗಳಿಗೆಯನ್ನು.

ಗೋಡೆ ಸವರಿಕೊಂಡು ಬಾಗಿಲಿಗೆ ಬಂದಳು. ಕಿವಿಯ ಸುತ್ತ ಹೆಡ್‌ಫೋನಿನ ಗುರುತು ಕೆಂಪಗೆ ಮೂಡಿತ್ತು. ಈರಮ್ಮ ಓಡಿ ಹೋಗಿ ಅವಳ ಎರಡೂ ಕೈ ಹಿಡಿದಳು.

"ಎಲ್ಲಾ ಬರ್ದ್ಯಾ?"

"ಒಂದು ಬಿಟ್ಟೀನಿ ಯವ್ವಾ, ದೊಡ್ಡದು."

ಈರಮ್ಮ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಬೆಂಕಿ. "ನಾ ಹೇಳಿದ್ನಿಲ್ಲ? ಕೈಕೊಡ್ತಿಲ್ಲ ನಿಮ್ಮ ಡಬ್ಬಿ?"

"ಡಬ್ಬಿ ಪ್ರಶ್ನೆ ಎಲ್ಲಾ ಸರಿಯಾಗಿ ಹೇಳ್ತು" ಎಂದಳು ಹಂಪಮ್ಮ. "ಆ ಪಾಠ ನನಗಽ ಬರಂಗಿಲ್ಲ. ಬಾಳ ಹೊತ್ತು ಕುಂತು ನೆನಸಿದೆ. ನೆನಪಾಗ್ಲಿಲ್ಲ."

ಈರಮ್ಮ ಮಗಳ ಬೆನ್ನಿಗೆ ಒಂದು ಗುದ್ದು ಹಾಕಿದಳು. "ಮೂರೂ ಹೊತ್ತು ಟಿವಿ ಮುಂದ ಕುಂತ್ರ ಹೆಂಗ ಬರತೈತಿ? ಓದು ಓದು ಅಂತ ಬಡ್ಕೊಂಡ್ನಿಲ್ಲ? ನಡಿ ಮನಿಗೆ, ಇವತ್ತಿನಿಂದ ಟಿವಿ ಬಂದ್." ಆವರೆಗೆ ಅವಳು ಮಗಳನ್ನು ಓದಿನ ವಿಷಯಕ್ಕೆ ಬೈದದ್ದನ್ನು ನಾನು ಕೇಳಿಯೇ ಇರಲಿಲ್ಲ. ಸದಾ "ಪಾಪದ ಕೂಸು" ಎನ್ನುತ್ತಿದ್ದಳು. ಈಗ ಊರಿನ ಎಲ್ಲ ತಾಯಂದಿರ ಹಾಗೆ ಗೇಟಿನ ತನಕ ಬೈಯುತ್ತಲೇ ಹೋದಳು. ಅವಳ ತೋಳು ಹಿಡಿದು ನಡೆಯುತ್ತಿದ್ದ ಹಂಪಮ್ಮ ಬಾಯಿಗೆ ದಾವಣಿ ಒತ್ತಿಕೊಂಡು ನಗುತ್ತಿದ್ದಳು.